ಜ್ಯಾಬಿಕ್ಸ್ ಡೇಟಾಬೇಸ್: ತೂಕ ಇಳಿಸುವುದು, ಬ್ಯಾಕಪ್ ತೆಗೆಯುವುದು, ಬಿದ್ದರೆ ಎಬ್ಬಿಸುವುದು

ನೆಟ್‌ವರ್ಕ್ ಮಾನಿಟರಿಂಗ್ ಸರ್ವರ್ ಕೆಟ್ಟರೆ ನೆಟ್‌ವರ್ಕ್ ನಿಲ್ಲುವುದಿಲ್ಲ. ಸ್ವಿಚ್‌ಗಳು ಓಡುತ್ತಲೇ ಇರುತ್ತವೆ, ಮೇಲ್ ಹೋಗುತ್ತಿರುತ್ತದೆ, ಯಾರೂ ಫೋನ್ ಮಾಡಿ ಬೈಯುವುದಿಲ್ಲ. ಅದಕ್ಕೇ ಬಿಲ್ಲಿಂಗ್ ಡೇಟಾಬೇಸಿಗೆ ದಿನಕ್ಕೆ ಎರಡು ಸಲ ಬ್ಯಾಕಪ್ ತೆಗೆಯುವ ಆಫೀಸಿನಲ್ಲೂ, ಮಾನಿಟರಿಂಗ್ ಡೇಟಾಬೇಸಿನ ಬ್ಯಾಕಪ್ ಎಲ್ಲಿದೆ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆದರೆ ಆ ಡೇಟಾಬೇಸಿನಲ್ಲಿ ಇರುವುದು ಬರೀ ಗ್ರಾಫ್ ಅಲ್ಲ. ಯಾವ ಲಿಂಕಿಗೆ ಎಷ್ಟು ಶೇಕಡಾ ದಾಟಿದರೆ ಅಲಾರ್ಮ್, ಯಾವ ಅಲಾರ್ಮ್ ರಾತ್ರಿ ಯಾರ ಫೋನಿಗೆ ಹೋಗಬೇಕು, ಯಾವ ಪೋರ್ಟಿನ ಗಲಾಟೆಯನ್ನು ಸುಮ್ನೆ ಬಿಡಬೇಕು ಎಂದು ವರ್ಷಗಟ್ಟಲೆ ತಿದ್ದಿದ್ದೆಲ್ಲ ಅಲ್ಲಿದೆ. ಹೋದರೆ ಅದನ್ನು ನೆನಪಿನಿಂದ ಕಟ್ಟಲು ಆಗುವುದಿಲ್ಲ.

ಈ ಮಾರ್ಗದರ್ಶಿಗೆ ಜ್ಯಾಬಿಕ್ಸ್ ತೆಗೆದುಕೊಂಡಿದ್ದೇನೆ. ಲಾಟ್ವಿಯಾದ ರೀಗಾದಿಂದ ಬಂದ ಈ ಓಪನ್ ಸೋರ್ಸ್ ಮಾನಿಟರಿಂಗ್ ಸಾಫ್ಟ್‌ವೇರ್ 2001ರಿಂದ ಸಾರ್ವಜನಿಕವಾಗಿ ಸಿಗುತ್ತಿದೆ, 2024ರಲ್ಲಿ 7.0 ಆವೃತ್ತಿ ಬಂತು. ಡೇಟಾಬೇಸ್ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಎಂದುಕೊಂಡು ಬರೆಯುತ್ತೇನೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಇಟ್ಟುಕೊಂಡವರಿಗೆ ನಡುವೆ ಒಂದು ಭಾಗ ಇದೆ. ಲಿಬ್ರೆಎನ್‌ಎಂಎಸ್ ಎಂಬ ಇನ್ನೊಂದು ಮಾನಿಟರಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಗ್ರಾಫಿನ ಅಂಕಿಗಳು ಡೇಟಾಬೇಸಿನಲ್ಲಿ ಇರುವುದಿಲ್ಲ, ಆರ್‌ಆರ್‌ಡಿ ಫೈಲುಗಳಲ್ಲಿ ಇರುತ್ತವೆ. ಡೇಟಾಬೇಸ್ ಒಂದನ್ನೇ ಉಳಿಸಿಕೊಂಡರೆ ಗ್ರಾಫ್ ಖಾಲಿ.

ನನ್ನ ವಾದ ಇಷ್ಟೇ. ಇಡೀ ಡೇಟಾಬೇಸನ್ನು ಒಂದೇ ವಸ್ತು ಎಂದುಕೊಂಡು ಬ್ಯಾಕಪ್ ತೆಗೆಯಬೇಡಿ. ಅದರಲ್ಲಿ ಪುಟ್ಟದಾದ, ಕಳೆದುಕೊಳ್ಳಲೇಬಾರದ ಭಾಗ ಒಂದಿದೆ. ದೈತ್ಯವಾದ, ಕಳೆದರೂ ಬದುಕಬಹುದಾದ ಭಾಗ ಇನ್ನೊಂದಿದೆ. ಎರಡನ್ನೂ ಬೇರೆ ಬೇರೆ ನೋಡಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮೊದಲು: ಒಳಗೆ ಏನಿದೆ ನೋಡಿ

ಜ್ಯಾಬಿಕ್ಸ್ ಡೇಟಾಬೇಸಿನಲ್ಲಿ ನೂರೈವತ್ತಕ್ಕೂ ಜಾಸ್ತಿ ಟೇಬಲ್‌ಗಳಿವೆ. ಹೆದರಬೇಡಿ, ಜಾಗ ತಿನ್ನುವುದು ಬೆರಳೆಣಿಕೆಯಷ್ಟು. ಇನ್‌ಫರ್ಮೇಶನ್ ಸ್ಕೀಮಾದ ‘ಟೇಬಲ್ಸ್’ ಎಂಬಲ್ಲಿ ಪ್ರತಿ ಟೇಬಲ್ಲಿನ ಡೇಟಾ ಗಾತ್ರ ಮತ್ತು ಇಂಡೆಕ್ಸ್ ಗಾತ್ರ ಸಿಗುತ್ತದೆ. ಎರಡನ್ನೂ ಕೂಡಿಸಿ, ದೊಡ್ಡದು ಮೇಲೆ ಬರುವಂತೆ ಜೋಡಿಸಿ, ಮೊದಲ ಹತ್ತು ಸಾಲು ನೋಡಿ.

ಮೇಲೆ ಕಾಣುವುದು ಹೆಚ್ಚಾಗಿ ಹಿಸ್ಟರಿ ಕುಟುಂಬ. ದಶಮಾಂಶದ ಅಂಕಿಗಳಿಗೆ ‘ಹಿಸ್ಟರಿ’, ಪೂರ್ಣಾಂಕಗಳಿಗೆ ‘ಹಿಸ್ಟರಿ ಯೂಇಂಟ್’, ಚಿಕ್ಕ ಪಠ್ಯಕ್ಕೆ ಒಂದು, ಉದ್ದ ಪಠ್ಯಕ್ಕೆ ಒಂದು, ಲಾಗ್ ಸಾಲುಗಳಿಗೆ ಒಂದು. 7.0ರಲ್ಲಿ ಬೈನರಿಗೂ ಒಂದು ಸೇರಿದೆ. ಸ್ವಿಚ್‌ಗಳ ಟ್ರಾಫಿಕ್ ಎಲ್ಲ ಪೂರ್ಣಾಂಕ, ಹಾಗಾಗಿ ನೆಟ್‌ವರ್ಕ್ ಜಾಸ್ತಿ ಇರುವ ಕಡೆ ‘ಯೂಇಂಟ್’ ಟೇಬಲ್ ಉಳಿದವನ್ನೆಲ್ಲ ಹಿಂದೆ ಹಾಕಿರುತ್ತದೆ. ಆಮೇಲೆ ‘ಟ್ರೆಂಡ್ಸ್’ ಜೋಡಿ: ಗಂಟೆಗೊಂದು ಸಾಲಿನಂತೆ ಕನಿಷ್ಠ, ಸರಾಸರಿ, ಗರಿಷ್ಠ. ಅದಕ್ಕೂ ಕೆಳಗೆ ಈವೆಂಟ್ಸ್, ಅಲರ್ಟ್ಸ್, ಆಡಿಟ್‌ಲಾಗ್. ಇವೆಲ್ಲ ಮುಗಿದ ಮೇಲೆ, ಎಲ್ಲೋ ತಳದಲ್ಲಿ, ಹೋಸ್ಟ್ಸ್ (ನಿಗಾ ಇಟ್ಟ ಸಾಧನಗಳು), ಐಟಮ್ಸ್ (ಒಂದೊಂದು ಸಾಧನದಲ್ಲಿ ಅಳೆಯುವ ಅಂಶಗಳು), ಟ್ರಿಗರ್ಸ್ (ಅಲಾರ್ಮ್ ಏಳಿಸುವ ಷರತ್ತುಗಳು), ಆಕ್ಷನ್ಸ್ (ಆಗ ಯಾರಿಗೆ ತಿಳಿಸಬೇಕು ಎಂಬುದು), ಯೂಸರ್ಸ್ ಸಿಗುತ್ತವೆ. ನಿಮ್ಮ ವರ್ಷಗಳ ಕೆಲಸ ಇರುವುದು ಆ ತಳದಲ್ಲಿ.

ಗಾತ್ರದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ, ಕಷ್ಟವಿಲ್ಲ. ಒಂದು ಮಧ್ಯಮ ಗಾತ್ರದ ಕ್ಯಾಂಪಸ್ ಎಂದುಕೊಳ್ಳೋಣ. 150 ಸ್ವಿಚ್, ಒಂದೊಂದರಲ್ಲಿ ಸುಮಾರು 200 ಐಟಂ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? 24 ಪೋರ್ಟಿನ ಸ್ವಿಚ್ಚಿನಲ್ಲಿ ಪ್ರತಿ ಪೋರ್ಟಿಗೆ ಒಳಬಂದ ಟ್ರಾಫಿಕ್, ಹೊರಹೋದ ಟ್ರಾಫಿಕ್, ಎರಡೂ ಕಡೆಯ ಎರರ್, ಎರಡೂ ಕಡೆಯ ಡಿಸ್ಕಾರ್ಡ್, ಸ್ಪೀಡ್, ಸ್ಟೇಟಸ್ ಎಂದು ಎಂಟೊಂಬತ್ತು ಐಟಂ ಬಂದರೆ 200 ತಾನಾಗಿಯೇ ಆಗುತ್ತದೆ. ಒಟ್ಟು 30,000 ಐಟಂ. ಸರಾಸರಿ 5 ನಿಮಿಷಕ್ಕೊಮ್ಮೆ ಓದಿದರೆ ಸೆಕೆಂಡಿಗೆ 100 ಮೌಲ್ಯ. ದಿನಕ್ಕೆ 86.4 ಲಕ್ಷ. ಒಂದು ಅಂಕಿ ಮೌಲ್ಯಕ್ಕೆ ಸುಮಾರು 90 ಬೈಟ್ ಹಿಡಿಯಿರಿ ಎನ್ನುತ್ತದೆ ಜ್ಯಾಬಿಕ್ಸ್ ಕೈಪಿಡಿ. ಅಲ್ಲಿಗೆ ದಿನಕ್ಕೆ ಮುಕ್ಕಾಲು ಜಿಬಿಗಿಂತ ಸ್ವಲ್ಪ ಮೇಲೆ. 90 ದಿನದ ಹಿಸ್ಟರಿ ಇಟ್ಟರೆ 70 ಜಿಬಿ. 14 ದಿನ ಸಾಕು ಅಂದರೆ 11 ಜಿಬಿ. ಟ್ರೆಂಡ್ಸ್ ವರ್ಷಕ್ಕೆ ಸುಮಾರು 24 ಜಿಬಿ ಆಗುತ್ತದೆ. ಇಷ್ಟೆಲ್ಲದರ ನಡುವೆ ಕಾನ್ಫಿಗರೇಶನ್ ಭಾಗವನ್ನು ಕುಗ್ಗಿಸಿದರೆ ಸಾಮಾನ್ಯವಾಗಿ ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುವಷ್ಟೇ.

ತೂಕ ಇಳಿಸುವುದು

ಬ್ಯಾಕಪ್‌ಗೆ ಕೈ ಹಾಕುವ ಮುಂಚೆ ಕಸ ತೆಗೆಯಿರಿ. ಬೇಡದ್ದನ್ನು ದಿನಾ ರಾತ್ರಿ ಹೊತ್ತು ಸಾಗಿಸುವುದರಲ್ಲಿ ಅರ್ಥವಿಲ್ಲ.

ಹಿಸ್ಟರಿ ಎಷ್ಟು ದಿನ ಬೇಕು ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಮೂರು ವಾರ ಹಿಂದಿನ ಮಂಗಳವಾರ 11 ಗಂಟೆ 5 ನಿಮಿಷಕ್ಕೆ ಟ್ರಾಫಿಕ್ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಆ ಗಂಟೆಯ ಸರಾಸರಿ ಮತ್ತು ಗರಿಷ್ಠ ಟ್ರೆಂಡ್ಸ್‌ನಲ್ಲಿ ಸಿಗುತ್ತದೆ. ನನ್ನ ಪ್ರಕಾರ ಅಂಕಿ ಐಟಂಗಳಿಗೆ 14 ದಿನದ ಹಿಸ್ಟರಿ, ಒಂದೆರಡು ವರ್ಷದ ಟ್ರೆಂಡ್ಸ್ ಧಾರಾಳ ಸಾಕು. ಪಠ್ಯಕ್ಕೂ ಲಾಗಿಗೂ ಟ್ರೆಂಡ್ಸ್ ಇರುವುದಿಲ್ಲ, ಅದನ್ನು ನೆನಪಿಡಿ. ಸಿಸ್‌ಲಾಗನ್ನು (ಸಾಧನಗಳು ಕಳಿಸುವ ಲಾಗ್ ಸಂದೇಶಗಳನ್ನು) ಜ್ಯಾಬಿಕ್ಸ್‌ನಲ್ಲೇ ಇಟ್ಟುಕೊಳ್ಳುವವರು ಇನ್ನೊಂದನ್ನೂ ಗಮನಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ, ಭಾರತದೊಳಗೇ ಇಡಬೇಕು. ಲಾಗ್ ಐಟಂಗಳ ದಿನ ಇಳಿಸುವ ಮುಂಚೆ ನಿಮ್ಮ ಕಂಪ್ಲಯನ್ಸ್ ನೋಡುವವರನ್ನು ಒಂದು ಮಾತು ಕೇಳಿ.

ಸ್ಪೀಡ್, ಸ್ಟೇಟಸ್ ತರಹದ ಅಪರೂಪಕ್ಕೆ ಬದಲಾಗುವ ಐಟಂಗಳಿಗೆ ಪ್ರೀಪ್ರೊಸೆಸಿಂಗ್‌ನಲ್ಲಿ ‘ಡಿಸ್ಕಾರ್ಡ್ ಅನ್‌ಚೇಂಜ್ಡ್ ವಿತ್ ಹಾರ್ಟ್‌ಬೀಟ್’ ಹಾಕಿ. ಬದಲಾದಾಗ, ಅಥವಾ ನೀವು ಹೇಳಿದ ಅವಧಿಗೊಮ್ಮೆ ಮಾತ್ರ ಬರೆದುಕೊಳ್ಳುತ್ತದೆ. ಯಾರೂ ಬಳಸದ ಪೋರ್ಟುಗಳನ್ನು ಡಿಸ್ಕವರಿ ಫಿಲ್ಟರಿನಲ್ಲೇ ತಡೆಯಿರಿ. ಈ ಎರಡರಿಂದಲೇ ಒಳ್ಳೆಯ ಇಳಿಕೆ ಕಾಣುತ್ತದೆ.

ಹಳೆಯದನ್ನು ಅಳಿಸುವ ಕೆಲಸ ಹೌಸ್‌ಕೀಪರ್‌ನದು. ಮೂಲ ಸೆಟ್ಟಿಂಗಿನಲ್ಲಿ ಗಂಟೆಗೊಮ್ಮೆ ಎದ್ದು, ಸಾಲು ಸಾಲಾಗಿ ಡಿಲೀಟ್ ಮಾಡುತ್ತದೆ. ಚಿಕ್ಕ ಸೆಟಪ್‌ಗೆ ಪರವಾಗಿಲ್ಲ. ದೊಡ್ಡದಾದಂತೆ ಡಿಸ್ಕ್ ಏದುಸಿರು ಬಿಡುತ್ತದೆ, ಗಂಟೆಗೊಮ್ಮೆ ಗ್ರಾಫ್ ತೊದಲುತ್ತದೆ. ಅಲ್ಲದೆ ಮೈಎಸ್‌ಕ್ಯೂಎಲ್ ಡೇಟಾ ಇಡುವ ಇನ್ನೋಡಿಬಿ ಎಂಜಿನ್‌ನಲ್ಲಿ ಸಾಲು ಅಳಿಸಿದರೆ ಫೈಲಿನ ಗಾತ್ರ ಇಳಿಯುವುದಿಲ್ಲ, ಒಳಗೆ ಖಾಲಿ ಜಾಗ ಆಗುತ್ತದೆ ಅಷ್ಟೇ. ಅದಕ್ಕೇ ‘ಹಿಸ್ಟರಿಯನ್ನು 90ರಿಂದ 14ಕ್ಕೆ ಇಳಿಸಿದರೂ ಡಿಸ್ಕ್ ಹಾಗೇ ತುಂಬಿದೆ’ ಎಂಬ ಗೋಳು ಎಲ್ಲೆಲ್ಲೂ ಕೇಳುತ್ತದೆ. ‘ಆಪ್ಟಿಮೈಸ್ ಟೇಬಲ್’ ಕೊಟ್ಟರೆ ಜಾಗ ವಾಪಸ್ ಬರುತ್ತದೆ. ಆದರೆ ಅದು ಟೇಬಲ್ಲನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಷ್ಟು ಹೊತ್ತು ಹೊಸ ನಕಲಿಗೂ ಜಾಗ ಬೇಕು. ಡಿಸ್ಕ್ ತುಂಬಿ ತುಳುಕುವಾಗ ಆ ದಾರಿ ಮುಚ್ಚಿರುತ್ತದೆ.

ಶಾಶ್ವತ ಪರಿಹಾರ ಪಾರ್ಟಿಶನಿಂಗ್. ಹಿಸ್ಟರಿ ಟೇಬಲ್‌ಗಳನ್ನು ದಿನಕ್ಕೊಂದರಂತೆ, ಟ್ರೆಂಡ್ಸ್ ಅನ್ನು ತಿಂಗಳಿಗೊಂದರಂತೆ ಭಾಗ ಮಾಡಿ. ಹಳೆಯ ಭಾಗವನ್ನು ಡ್ರಾಪ್ ಮಾಡಿದರೆ ಕ್ಷಣದಲ್ಲಿ ಜಾಗ ಖಾಲಿ. ಒಂದು ಸ್ಕ್ರಿಪ್ಟ್ ದಿನಾ ಓಡಿ ಮುಂದಿನ ಕೆಲವು ದಿನಗಳ ಭಾಗ ಮಾಡಿಟ್ಟು ಹಳೆಯದನ್ನು ಬಿಸಾಡಬೇಕು. ಹೀಗೆ ಮಾಡಿದ ಮೇಲೆ ಜ್ಯಾಬಿಕ್ಸ್‌ನ ಹೌಸ್‌ಕೀಪಿಂಗ್ ಪುಟದಲ್ಲಿ ಹಿಸ್ಟರಿ ಮತ್ತು ಟ್ರೆಂಡ್ಸ್‌ಗೆ ಇಂಟರ್ನಲ್ ಹೌಸ್‌ಕೀಪಿಂಗ್ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲವಾದರೆ ಒಂದೇ ಕೆಲಸಕ್ಕೆ ಇಬ್ಬರು ಆಳುಗಳು.

ಇಷ್ಟು ಮಾಡುವಾಗ ಬಫರ್ ಪೂಲ್ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಗಾತ್ರವನ್ನೂ ಒಮ್ಮೆ ನೋಡಿ. ಮೈಎಸ್‌ಕ್ಯೂಎಲ್ ಮೂಲ ಸೆಟ್ಟಿಂಗ್ 128 ಎಂಬಿ. ಡೇಟಾಬೇಸಿಗೇ ಮೀಸಲಾದ ಯಂತ್ರದಲ್ಲಿ ರ‍್ಯಾಮಿನ ಶೇಕಡಾ 70ರವರೆಗೆ ಕೊಡಬಹುದು.

ಏನನ್ನು, ಎಷ್ಟು ದಿನಕ್ಕೊಮ್ಮೆ

ನಾನು ಸಲಹೆ ಮಾಡುವುದು ಎರಡು ಪದರ. ದಿನಾ ರಾತ್ರಿ ಹಿಸ್ಟರಿ ಬಿಟ್ಟು ಉಳಿದೆಲ್ಲದರ ಡಂಪ್, ಅಂದರೆ ಡೇಟಾಬೇಸನ್ನು ಮತ್ತೆ ಕಟ್ಟಬಲ್ಲ ಕಮಾಂಡುಗಳ ಪಠ್ಯ ಫೈಲ್. ವಾರಕ್ಕೊಮ್ಮೆ ಹಿಸ್ಟರಿಯೂ ಸೇರಿದ ಪೂರ್ತಿ ಬ್ಯಾಕಪ್. ಇವುಗಳ ಜೊತೆಗೆ, ಡೇಟಾಬೇಸಿನ ಹೊರಗಿರುವ ಫೈಲುಗಳು.

ಈವೆಂಟ್ಸ್ ಕೂಡ ದೊಡ್ಡದು, ಅದನ್ನೂ ಬಿಟ್ಟರೆ ಹೇಗೆ ಎಂದು ಆಸೆಯಾಗುತ್ತದೆ. ಬೇಡ. ‘ಪ್ರಾಬ್ಲಮ್’ ಟೇಬಲ್ ಫಾರಿನ್ ಕೀ (ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಕಟ್ಟುವ ನಿಯಮ) ಮೂಲಕ ಈವೆಂಟ್ಸ್‌ಗೆ ಅಂಟಿಕೊಂಡಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ತಂದರೆ ರಿಸ್ಟೋರ್ ಹೊತ್ತಿನಲ್ಲಿ ಜಗಳ. ಮುಂದಿನ ಐಡಿ ಸಂಖ್ಯೆ ಇಟ್ಟುಕೊಳ್ಳುವ ‘ಐಡಿಎಸ್’ ಎಂಬ ಪುಟಾಣಿ ಟೇಬಲ್ಲೂ ಬರಲೇಬೇಕು. ಹಿಸ್ಟರಿ ಕುಟುಂಬ ಬಿಟ್ಟು ಬೇರೆ ಯಾವುದಕ್ಕೂ ಕತ್ತರಿ ಹಾಕದಿರುವುದೇ ಒಳ್ಳೆಯದು.

ರೆಪ್ಲಿಕಾ (ಮುಖ್ಯ ಡೇಟಾಬೇಸನ್ನು ಹಿಂಬಾಲಿಸುವ ನಕಲು ಸರ್ವರ್) ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರಿಗೆ ಒಂದೇ ಮಾತು. ಯಾರಾದರೂ ತಪ್ಪಿ ಒಂದು ಹೋಸ್ಟ್ ಗ್ರೂಪಿನ ಎಲ್ಲ ಹೋಸ್ಟ್‌ಗಳನ್ನು ಅಳಿಸಿದರೆ ರೆಪ್ಲಿಕಾ ಅದನ್ನೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಆದರೆ ಡಂಪ್ ತೆಗೆಯಲು ರೆಪ್ಲಿಕಾ ಒಳ್ಳೆಯ ಜಾಗ, ಮುಖ್ಯ ಸರ್ವರಿಗೆ ಭಾರ ಬೀಳುವುದಿಲ್ಲ. ಟೆಂಪ್ಲೇಟ್ ಎಕ್ಸ್‌ಪೋರ್ಟ್ ಕೂಡ ಬ್ಯಾಕಪ್ ಅಲ್ಲ. ಅದರಲ್ಲಿ ಯೂಸರ್ ಇಲ್ಲ, ಆಕ್ಷನ್ ಇಲ್ಲ, ಹಳೆಯ ಈವೆಂಟ್ ಇಲ್ಲ.

ರಾತ್ರಿಯ ಡಂಪ್, ಹಂತ ಹಂತವಾಗಿ

ಬ್ಯಾಕಪ್‌ಗೇ ಒಬ್ಬ ಡೇಟಾಬೇಸ್ ಯೂಸರ್ ಮಾಡಿ. ಸೆಲೆಕ್ಟ್, ಶೋ ವ್ಯೂ, ಟ್ರಿಗರ್ ಅನುಮತಿ ಸಾಕು. ಮೈಎಸ್‌ಕ್ಯೂಎಲ್ 8ರಲ್ಲಿ ಪ್ರೊಸೆಸ್ ಅನುಮತಿ ಇಲ್ಲ ಎಂಬ ತಕರಾರು ಬಂದರೆ ಡಂಪ್ ಕಮಾಂಡಿಗೆ ‘ನೋ-ಟೇಬಲ್‌ಸ್ಪೇಸಸ್’ ಆಪ್ಷನ್ ಕೊಡಿ. ಪಾಸ್‌ವರ್ಡನ್ನು ಕಮಾಂಡ್ ಸಾಲಿನಲ್ಲಿ ಬರೆಯಬೇಡಿ. ಅದನ್ನು ಒಂದು ಆಪ್ಷನ್ ಫೈಲಿನಲ್ಲಿ ಇಟ್ಟು, ಮಾಲೀಕನಿಗೆ ಮಾತ್ರ ಕಾಣುವಂತೆ ಪರ್ಮಿಶನ್ 600 ಮಾಡಿ.

ಈಗ ಡಂಪ್. ಮೈಎಸ್‌ಕ್ಯೂಎಲ್‌ಡಂಪ್‌ಗೆ ‘ಸಿಂಗಲ್-ಟ್ರಾನ್ಸಾಕ್ಷನ್’ ಮತ್ತು ‘ಕ್ವಿಕ್’ ಕೊಡಿ. ಮೊದಲನೆಯದರಿಂದ ಟೇಬಲ್ ಲಾಕ್ ಆಗದೆ ಒಂದೇ ಕ್ಷಣದ ಚಿತ್ರ ಸಿಗುತ್ತದೆ, ಜ್ಯಾಬಿಕ್ಸ್ ನಿಲ್ಲಿಸಬೇಕಿಲ್ಲ. ಎರಡು ಸುತ್ತಿನಲ್ಲಿ ತೆಗೆಯಿರಿ. ಮೊದಲ ಸುತ್ತಿನಲ್ಲಿ ‘ಇಗ್ನೋರ್-ಟೇಬಲ್’ ಆಪ್ಷನ್‌ನಿಂದ ಹಿಸ್ಟರಿ ಟೇಬಲ್‌ಗಳನ್ನು ಒಂದೊಂದಾಗಿ ಹೆಸರಿಸಿ ಬಿಟ್ಟು, ಉಳಿದವನ್ನು ರಚನೆ, ಡೇಟಾ ಎರಡರ ಸಮೇತ ತೆಗೆಯಿರಿ. ಎರಡನೇ ಸುತ್ತಿನಲ್ಲಿ ಹಿಸ್ಟರಿ ಟೇಬಲ್‌ಗಳನ್ನಷ್ಟೇ ‘ನೋ-ಡೇಟಾ’ ಕೊಟ್ಟು ಖಾಲಿ ರಚನೆ ಮಾತ್ರ ತೆಗೆಯಿರಿ.

ಕೆಲವರು ಇದನ್ನು ತಿರುಗಿಸಿ ಮಾಡುತ್ತಾರೆ. ಮೊದಲು ಎಲ್ಲ ಟೇಬಲ್‌ಗಳ ರಚನೆ, ಆಮೇಲೆ ಬರೀ ಡೇಟಾ. ನೋಡಲು ಅಚ್ಚುಕಟ್ಟು, ರಿಸ್ಟೋರ್‌ನಲ್ಲಿ ಕಾಟ. ಈಚಿನ ಜ್ಯಾಬಿಕ್ಸ್‌ನಲ್ಲಿ ಹೋಸ್ಟ್ಸ್, ಐಟಮ್ಸ್‌ನಂಥ ಟೇಬಲ್‌ಗಳ ಮೇಲೆ ಡೇಟಾಬೇಸ್ ಟ್ರಿಗರ್‌ಗಳಿವೆ (ಅಲಾರ್ಮಿನ ಟ್ರಿಗರ್ ಬೇರೆ), ಏನು ಬದಲಾದರೂ ‘ಚೇಂಜ್‌ಲಾಗ್’ ಟೇಬಲ್ಲಿನಲ್ಲಿ ಬರೆದಿಡುತ್ತವೆ. ರಚನೆಯ ಜೊತೆ ಟ್ರಿಗರ್ ಮೊದಲೇ ಕೂತಿದ್ದರೆ, ಆಮೇಲೆ ಒಳಬರುವ ಒಂದೊಂದು ಸಾಲಿಗೂ ಅದು ಕೆರಳುತ್ತದೆ. ಚೇಂಜ್‌ಲಾಗ್ ಬೇಡದ ಸಾಲುಗಳಿಂದ ತುಂಬುತ್ತದೆ. ರಚನೆ, ಡೇಟಾ ಎರಡನ್ನೂ ಒಂದೇ ಸುತ್ತಿನಲ್ಲಿ ತೆಗೆದರೆ ಆಯಾ ಟೇಬಲ್ಲಿನ ಡೇಟಾ ಮುಗಿದ ಮೇಲೆಯೇ ಡಂಪ್ ಅದರ ಟ್ರಿಗರ್ ಬರೆಯುತ್ತದೆ.

ಹೊತ್ತು ನೋಡಿ ಇಡಿ. ಸಿಂಗಲ್-ಟ್ರಾನ್ಸಾಕ್ಷನ್ ನಡೆಯುವಾಗ ಯಾರೂ ಟೇಬಲ್ಲಿನ ರಚನೆ ಬದಲಿಸಬಾರದು, ಬದಲಿಸಿದರೆ ಡಂಪ್ ಕೆಡಬಹುದು ಅಥವಾ ಅರ್ಧಕ್ಕೆ ನಿಲ್ಲಬಹುದು. ಪಾರ್ಟಿಶನ್ ಡ್ರಾಪ್ ಮಾಡುವುದು ಕೂಡ ರಚನೆ ಬದಲಿಸಿದ ಹಾಗೆಯೇ. ಪಾರ್ಟಿಶನ್ ಸ್ಕ್ರಿಪ್ಟ್ ರಾತ್ರಿ 1ಕ್ಕೆ, ಡಂಪ್ 2.30ಕ್ಕೆ ಎಂದು ದೂರ ದೂರ ಇಡಿ.

ಹಿಸ್ಟರಿಯನ್ನು ಈ ಡಂಪ್‌ನಿಂದ ಹೊರಗಿಡಲು ಗಾತ್ರ ಒಂದೇ ಕಾರಣ ಅಲ್ಲ. ಟ್ರಾನ್ಸಾಕ್ಷನ್ ತೆರೆದಿರುವಷ್ಟು ಹೊತ್ತೂ ಇನ್ನೋಡಿಬಿ ಬದಲಾದ ಸಾಲುಗಳ ಹಳೆಯ ರೂಪವನ್ನು ಬಿಸಾಡದೆ ಇಟ್ಟುಕೊಂಡಿರಬೇಕು. 70 ಜಿಬಿ ಡಂಪ್ ಗಂಟೆಗಟ್ಟಲೆ ಓಡಿದರೆ ಆ ಹಳೆ ಸಾಮಾನು ಬೆಳೆಯುತ್ತಾ ಹೋಗಿ ಬೆಳಗಿನ ಹೊತ್ತಿಗೆ ಇಡೀ ಸರ್ವರ್ ನಿಧಾನ.

ಇನ್ನು ಪರೀಕ್ಷೆ. ಬಹಳಷ್ಟು ಬ್ಯಾಕಪ್ ಸ್ಕ್ರಿಪ್ಟ್‌ಗಳು ಸೋಲುವುದು ಇಲ್ಲೇ. ಡಂಪನ್ನು ಪೈಪ್ ಮಾಡಿ ಜಿಜಿಪ್‌ಗೆ ಕೊಟ್ಟಾಗ, ಶೆಲ್ ನಿಮಗೆ ಹೇಳುವುದು ಕೊನೆಯ ಕಮಾಂಡಿನ ಫಲಿತಾಂಶ. ಡಂಪ್ ಪಾಸ್‌ವರ್ಡ್ ತಪ್ಪಾಗಿ ಬಿದ್ದಿದ್ದರೂ ಜಿಜಿಪ್ ಏನೂ ಇಲ್ಲದ್ದನ್ನು ಚೆನ್ನಾಗಿ ಕುಗ್ಗಿಸಿ ‘ಎಲ್ಲ ಸರಿ’ ಎನ್ನುತ್ತದೆ. ಫೋಲ್ಡರಿನಲ್ಲಿ ದಿನಾ ಒಂದು ಫೈಲ್, ತಾರೀಕು ಸರಿ, ಹೆಸರು ಸರಿ. ಗಾತ್ರ ಮಾತ್ರ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಬರುವ ಗಾತ್ರ ಅದು. ಹಾಗಾಗಿ:

- ಬ್ಯಾಶ್ ಸ್ಕ್ರಿಪ್ಟಿನ ತಲೆಯಲ್ಲೇ ‘ಪೈಪ್‌ಫೇಲ್’ ಆನ್ ಮಾಡಿ, ಆಗ ಪೈಪಿನ ಯಾವ ಕಮಾಂಡ್ ಸೋತರೂ ಗೊತ್ತಾಗುತ್ತದೆ.
- ಡಂಪ್ ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರಲಿ, ಪರೀಕ್ಷೆ ಮುಗಿದ ಮೇಲೆ ನಿಜವಾದ ಹೆಸರು ಕೊಡಿ.
- ಬಿಚ್ಚಿ ಕೊನೆಯ ಸಾಲು ನೋಡಿ. ಪೂರ್ತಿ ಮುಗಿದ ಡಂಪ್‌ನ ಕೊನೆಯಲ್ಲಿ ‘ಡಂಪ್ ಕಂಪ್ಲೀಟೆಡ್ ಆನ್’ ಎಂದು ತಾರೀಕಿನ ಸಮೇತ ಒಂದು ಕಾಮೆಂಟ್ ಸಾಲು ಇರುತ್ತದೆ. ಇಲ್ಲದಿದ್ದರೆ ನಡುವೆ ಎಲ್ಲೋ ತುಂಡಾಗಿದೆ.
- ನಿನ್ನೆಯ ಗಾತ್ರಕ್ಕಿಂತ ಶೇಕಡಾ 20ರಷ್ಟು ಕಡಿಮೆ ಇದ್ದರೆ ಕೂಗಿ ಹೇಳುವಂತೆ ಮಾಡಿ.

ಕೂಗಿ ಹೇಳಲು ಜ್ಯಾಬಿಕ್ಸ್ ಅನ್ನೇ ಬಳಸಿ. ಒಂದು ಟ್ರ್ಯಾಪರ್ ಐಟಂ (ಹೊರಗಿನಿಂದ ಕಳಿಸಿದ ಮೌಲ್ಯ ತೆಗೆದುಕೊಳ್ಳುವಂಥದ್ದು) ಮಾಡಿ, ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದಾಗ ಮಾತ್ರ ಜ್ಯಾಬಿಕ್ಸ್ ಸೆಂಡರ್ ಮೂಲಕ ಫೈಲಿನ ಗಾತ್ರ ಕಳಿಸಿ. 26 ಗಂಟೆ ಏನೂ ಬರದಿದ್ದರೆ ಟ್ರಿಗರ್ ಏಳಲಿ. ‘ಬ್ಯಾಕಪ್ ಆಯಿತು’ ಎಂಬ ಮೇಲ್ ದಿನಾ ಬಂದರೆ ಯಾರೂ ಓದುವುದಿಲ್ಲ. ಅದು ಬರದೇ ಹೋದ ದಿನವಂತೂ ಯಾರಿಗೂ ಗೊತ್ತಾಗುವುದಿಲ್ಲ.

ವಾರದ ಪೂರ್ತಿ ಬ್ಯಾಕಪ್

ಹಿಸ್ಟರಿ ಸಮೇತ ಬೇಕೆಂದಾಗ ಡಂಪ್ ದಾರಿ ಬಿಡಿ. ಫೈಲ್ ಮಟ್ಟದಲ್ಲೇ ನಕಲು ಮಾಡುವ ಉಪಕರಣ ಬಳಸಿ. ಮೈಎಸ್‌ಕ್ಯೂಎಲ್‌ಗೆ ಪರ್ಕೋನಾ ಎಕ್ಸ್‌ಟ್ರಾಬ್ಯಾಕಪ್, ಮರಿಯಾಡಿಬಿಗೆ ಮರಿಯಾಬ್ಯಾಕಪ್. ಅದಲು ಬದಲು ಮಾಡಬೇಡಿ, ಮರಿಯಾಡಿಬಿಯ ಹೊಸ ಆವೃತ್ತಿಗಳನ್ನು ಎಕ್ಸ್‌ಟ್ರಾಬ್ಯಾಕಪ್ ಓದುವುದಿಲ್ಲ. ಎಕ್ಸ್‌ಟ್ರಾಬ್ಯಾಕಪ್‌ನ ಆವೃತ್ತಿಯೂ ಸರ್ವರಿಗೆ ಹೊಂದಬೇಕು. ನಕಲು ಮುಗಿದ ಮೇಲೆ ‘ಪ್ರಿಪೇರ್’ ಎಂಬ ಹಂತ ಇದೆ. ನಕಲು ನಡೆಯುವಾಗ ಆದ ಬದಲಾವಣೆಗಳನ್ನು ಅದು ಸೇರಿಸಿ ಫೈಲುಗಳನ್ನು ಒಂದು ಹದಕ್ಕೆ ತರುತ್ತದೆ. ಅದಿಲ್ಲದ ಬ್ಯಾಕಪ್ ನೇರವಾಗಿ ಬಳಕೆಗೆ ಬರುವುದಿಲ್ಲ.

ಬೈನರಿ ಲಾಗ್ (ಡೇಟಾಬೇಸಿನಲ್ಲಿ ಆದ ಒಂದೊಂದು ಬದಲಾವಣೆಯ ದಾಖಲೆ) ಆನ್ ಇದ್ದರೆ ಪೂರ್ತಿ ಬ್ಯಾಕಪ್‌ನಿಂದ ಮುಂದಕ್ಕೆ ಬೇಕಾದ ನಿಮಿಷದವರೆಗೂ ಹೋಗಬಹುದು. ಆದರೆ ಸೆಕೆಂಡಿಗೆ 100 ಮೌಲ್ಯ ಬರೆಯುವ ಡೇಟಾಬೇಸಿನಲ್ಲಿ ಬೈನರಿ ಲಾಗ್ ಕೂಡ ಅದೇ ವೇಗದಲ್ಲಿ ಉಬ್ಬುತ್ತದೆ. ಮಾನಿಟರಿಂಗ್‌ಗೆ ಅಷ್ಟು ನಿಖರತೆ ಬೇಕೇ? ನನ್ನ ಕಣ್ಣಿಗೆ ಹೆಚ್ಚಿನವರಿಗೆ ಬೇಡ. ರೆಪ್ಲಿಕಾಗೋಸ್ಕರ ಹೇಗೂ ಆನ್ ಇದ್ದರೆ ಎರಡು ಮೂರು ದಿನದ್ದು ಇಟ್ಟುಕೊಳ್ಳಿ.

ವರ್ಚುವಲ್ ಮಷೀನಿನ ಸ್ನ್ಯಾಪ್‌ಶಾಟ್ ಮೇಲೆ ಭರವಸೆ ಇಟ್ಟವರು ಡಿಸ್ಕ್‌ಗಳನ್ನು ನೋಡಿಕೊಳ್ಳಿ. ಡೇಟಾ ಒಂದು ಡಿಸ್ಕಿನಲ್ಲಿ, ರೀಡೂ ಲಾಗ್ (ಇನ್ನೂ ಡೇಟಾ ಫೈಲಿಗೆ ಸೇರದ ಬದಲಾವಣೆಗಳ ದಾಖಲೆ) ಇನ್ನೊಂದರಲ್ಲಿ ಇದ್ದು, ಎರಡರ ಸ್ನ್ಯಾಪ್‌ಶಾಟ್ ಒಂದೇ ಕ್ಷಣದ್ದಲ್ಲದಿದ್ದರೆ ಡೇಟಾಬೇಸ್ ಏಳದೇ ಹೋಗಬಹುದು.

ಡೇಟಾಬೇಸಿನ ಹೊರಗಿನ ಸಾಮಾನು

ಸರ್ವರಿನ ಕಾನ್ಫಿಗ್ ಫೈಲ್, ವೆಬ್ ಭಾಗದ ಪಿಎಚ್‌ಪಿ ಕಾನ್ಫಿಗ್, ಅಲರ್ಟ್ ಸ್ಕ್ರಿಪ್ಟ್‌ಗಳ ಫೋಲ್ಡರ್, ಎಕ್ಸ್‌ಟರ್ನಲ್ ಸ್ಕ್ರಿಪ್ಟ್‌ಗಳ ಫೋಲ್ಡರ್, ನೀವು ಸೇರಿಸಿದ ಎಂಐಬಿ ಫೈಲುಗಳು (ಸಾಧನದ ಅಂಕಿಗಳಿಗೆ ಹೆಸರು ಕೊಡುವಂಥವು), ಟಿಎಲ್‌ಎಸ್ ಸರ್ಟಿಫಿಕೇಟ್, ಪಾರ್ಟಿಶನ್ ಸ್ಕ್ರಿಪ್ಟ್, ಕ್ರಾನ್ ಸಾಲುಗಳು. ಗ್ರಾಫ್ ತೋರಿಸುವ ಗ್ರಫಾನಾ ಇದ್ದರೆ ಅದರ ಡೇಟಾಬೇಸ್ ಬೇರೆಯೇ. ಎಲ್ಲ ಸೇರಿದರೂ ಕೆಲವೇ ಎಂಬಿ. ಡಂಪ್ ಜೊತೆಗೇ ಒಂದು ಟಾರ್ ಮಾಡಿ ಹಾಕಿ.

ಪೋಸ್ಟ್‌ಗ್ರೆಸ್ ಇದ್ದರೆ

ಪಿಜಿ ಡಂಪ್ ಅನ್ನು ‘ಕಸ್ಟಮ್’ ಫಾರ್ಮ್ಯಾಟಿನಲ್ಲಿ ತೆಗೆಯಿರಿ, ರಿಸ್ಟೋರ್ ಮಾಡುವಾಗ ಹಲವು ಕೆಲಸಗಳನ್ನು ಒಟ್ಟಿಗೆ ಓಡಿಸಬಹುದು. ‘ಎಕ್ಸ್‌ಕ್ಲೂಡ್-ಟೇಬಲ್-ಡೇಟಾ’ ಎಂಬ ಆಪ್ಷನ್ ಹಿಸ್ಟರಿಯ ರಚನೆ ಉಳಿಸಿಕೊಂಡು ಡೇಟಾ ಮಾತ್ರ ಬಿಡುತ್ತದೆ, ಎರಡು ಸುತ್ತಿನ ರಗಳೆ ಇಲ್ಲ. ಪೋಸ್ಟ್‌ಗ್ರೆಸ್ ಮೇಲೆ ಟೈಮ್‌ಸ್ಕೇಲ್‌ಡಿಬಿ ಎಂಬ ಎಕ್ಸ್‌ಟೆನ್ಷನ್ ಹಾಕಿದ್ದರೆ ಒಂದು ಹಳ್ಳ ಇದೆ. ಅಲ್ಲಿ ಹಿಸ್ಟರಿಯ ಸಾಲುಗಳು ಆ ಹೆಸರಿನ ಟೇಬಲ್ಲಿನಲ್ಲಿ ಇರುವುದೇ ಇಲ್ಲ. ಅವೆಲ್ಲ ಟೈಮ್‌ಸ್ಕೇಲ್‌ನ ಒಳ ಸ್ಕೀಮಾದಲ್ಲಿ ಚಂಕ್‌ಗಳಾಗಿ ಕೂತಿರುತ್ತವೆ. ಹಾಗಾಗಿ ಹಿಸ್ಟರಿ ಎಂದು ಹೆಸರಿಸಿ ಬಿಟ್ಟರೂ ಡಂಪ್ ದಪ್ಪಗೇ ಬರುತ್ತದೆ. ರಿಸ್ಟೋರ್ ಮಾಡುವಾಗಲೂ ಮೊದಲು ಟೈಮ್‌ಸ್ಕೇಲ್‌ನ ‘ಪ್ರೀ ರಿಸ್ಟೋರ್’ ಫಂಕ್ಷನ್, ಮುಗಿದ ಮೇಲೆ ‘ಪೋಸ್ಟ್ ರಿಸ್ಟೋರ್’ ಫಂಕ್ಷನ್ ಓಡಿಸಬೇಕು. ಪೂರ್ತಿ ಬ್ಯಾಕಪ್‌ಗೆ ಪಿಜಿ ಬೇಸ್‌ಬ್ಯಾಕಪ್ ಇದೆ.

ಬೀಗ ಹಾಕಿ

ಈ ಡಂಪ್ ಯಾರ ಕೈಗಾದರೂ ಸಿಕ್ಕರೆ ಏನಾಗುತ್ತದೆ ಎಂದು ಒಮ್ಮೆ ತೆರೆದು ನೋಡಿ. ಎಸ್‌ಎನ್‌ಎಂಪಿ (ಸ್ವಿಚ್‌ಗಳನ್ನು ವಿಚಾರಿಸುವ ಪ್ರೋಟೊಕಾಲ್) ಕಮ್ಯುನಿಟಿ, ಅದರ ಆವೃತ್ತಿ 3ರ ಪಾಸ್‌ಫ್ರೇಸ್, ಏಜೆಂಟ್‌ಗಳ ಪಿಎಸ್‌ಕೆ (ಹಂಚಿಕೊಂಡ ಗುಪ್ತ ಕೀ), ಎಲ್ಲವೂ ಓದುವಂತೆಯೇ ಇರುತ್ತವೆ. ಪರದೆಯ ಮೇಲೆ ನಕ್ಷತ್ರ ಚಿಹ್ನೆಯಾಗಿ ಕಾಣುವ ಸೀಕ್ರೆಟ್ ಮ್ಯಾಕ್ರೋ ಕೂಡ ಡೇಟಾಬೇಸಿನಲ್ಲಿ ಸಾದಾ ಪಠ್ಯ. ಜೊತೆಗೆ ನಿಮ್ಮ ಎಲ್ಲ ಸಾಧನಗಳ ಐಪಿ ಪಟ್ಟಿ. ನೆಟ್‌ವರ್ಕಿನ ಬೀಗದ ಕೈ ಗೊಂಚಲು ಎಂದರೆ ಇದೇ.

ಹಾಗಾಗಿ ಪರೀಕ್ಷೆ ಮುಗಿದ ತಕ್ಷಣ ಜಿಪಿಜಿ ಪಬ್ಲಿಕ್ ಕೀಯಿಂದ ಎನ್‌ಕ್ರಿಪ್ಟ್ ಮಾಡಿ, ಸಾದಾ ಪ್ರತಿ ಅಳಿಸಿ. ಪ್ರೈವೇಟ್ ಕೀ ಆ ಸರ್ವರಿನಲ್ಲಿ ಇರಬಾರದು. ಅದರ ಪ್ರತಿ ಇಬ್ಬರ ಬಳಿ ಇರಲಿ. ಒಬ್ಬರು ಕೆಲಸ ಬಿಟ್ಟು ಹೋದ ದಿನವೇ ಡಿಸ್ಕ್ ಕೆಡುವುದು ಹೊಸತೇನಲ್ಲ.

ನಕಲು ಎಳೆದುಕೊಳ್ಳುವುದು ಬ್ಯಾಕಪ್ ಸರ್ವರಿನ ಕೆಲಸವಾಗಲಿ. ಜ್ಯಾಬಿಕ್ಸ್ ಸರ್ವರಿಗೇ ಬ್ಯಾಕಪ್ ಜಾಗದಲ್ಲಿ ಬರೆಯುವ, ಅಳಿಸುವ ಅಧಿಕಾರ ಇದ್ದರೆ, ಅದರೊಳಗೆ ನುಗ್ಗಿದವನಿಗೂ ಅದೇ ಅಧಿಕಾರ. ಒಂದು ಪ್ರತಿ ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇರಲಿ. ಕ್ಲೌಡ್ ಆದರೆ ಆಬ್ಜೆಕ್ಟ್ ಲಾಕ್ (ಹೇಳಿದ ಅವಧಿಯವರೆಗೆ ಅಳಿಸಲು ಬಿಡದ ಬೀಗ) ಆನ್ ಮಾಡಿ. ಎಷ್ಟು ದಿನ ಇಡಬೇಕು? ದಿನದವು 14, ವಾರದವು 8, ತಿಂಗಳಿನ ಮೊದಲ ಡಂಪ್ ಒಂದು ವರ್ಷ. ರಾತ್ರಿಯ ಡಂಪ್‌ನಲ್ಲಿ ಹಿಸ್ಟರಿ ಇಲ್ಲದ ಕಾರಣ ಜೇಬಿಗೆ ಅಷ್ಟು ಭಾರ ಕಡಿಮೆ.

ಮೂರು ತಿಂಗಳಿಗೊಮ್ಮೆ ರಿಸ್ಟೋರ್ ಅಭ್ಯಾಸ

ಹೊರಗಿನ ನೆಟ್‌ವರ್ಕಿಗೆ ದಾರಿಯೇ ಇಲ್ಲದ ಒಂದು ವರ್ಚುವಲ್ ಮಷೀನ್ ತೆಗೆದುಕೊಳ್ಳಿ. ಇದು ಮುಖ್ಯ. ದಾರಿ ಇದ್ದರೆ ರಿಸ್ಟೋರ್ ಆದ ಜ್ಯಾಬಿಕ್ಸ್ ತಾನೇ ನಿಜವಾದದ್ದು ಎಂದುಕೊಂಡು ಎಲ್ಲ ಸ್ವಿಚ್‌ಗಳನ್ನು ವಿಚಾರಿಸಲು ಹೊರಡುತ್ತದೆ, ಉತ್ತರ ಬರದಿದ್ದರೆ ಮಧ್ಯರಾತ್ರಿ ಎಲ್ಲರಿಗೂ ಅಲರ್ಟ್ ಕಳಿಸುತ್ತದೆ.

ಡೇಟಾಬೇಸ್ ಸರ್ವರ್ ಅದೇ ಆವೃತ್ತಿಯದ್ದು ಹಾಕಿ. ಖಾಲಿ ಡೇಟಾಬೇಸನ್ನು ಮೂಲದಲ್ಲಿರುವ ಕ್ಯಾರೆಕ್ಟರ್ ಸೆಟ್‌ನಲ್ಲೇ ಮಾಡಿ. ಹೊಸದರಲ್ಲಿ ಅದು ಯುಟಿಎಫ್8ಎಂಬಿ4, ಕೊಲೇಶನ್ ಬಿನ್. ಡಂಪ್‌ನಲ್ಲಿರುವ ಟ್ರಿಗರ್‌ಗಳಿಗೆ ಒಡೆಯ ಎಂದು ಯಾವ ಯೂಸರ್ ಹೆಸರಿದೆಯೋ ಆ ಯೂಸರ್ ಇಲ್ಲೂ ಇರಬೇಕು. ಬೈನರಿ ಲಾಗ್ ಆನ್ ಇದ್ದರೆ ‘ಲಾಗ್ ಬಿನ್ ಟ್ರಸ್ಟ್ ಫಂಕ್ಷನ್ ಕ್ರಿಯೇಟರ್ಸ್’ ಅನ್ನು ಸ್ವಲ್ಪ ಹೊತ್ತು 1 ಮಾಡಿ, ಮುಗಿದ ಮೇಲೆ 0. ಆಮೇಲೆ ಮೊದಲ ಸುತ್ತಿನ ಡಂಪ್, ನಂತರ ಖಾಲಿ ಹಿಸ್ಟರಿಯ ಡಂಪ್ ಸುರಿಯಿರಿ. ಗಡಿಯಾರ ನೋಡಿ ಎಷ್ಟು ಹೊತ್ತಾಯಿತು ಎಂದು ಬರೆದಿಡಿ. ನಿಜವಾದ ದಿನ ಮ್ಯಾನೇಜರ್ ಕೇಳುವ ಮೊದಲ ಪ್ರಶ್ನೆ ಅದೇ.

ಈಗ ಸಾಕ್ಷಿ ಕೇಳಿ. ‘ಡಿಬಿವರ್ಷನ್’ ಟೇಬಲ್ಲಿನ ಸಂಖ್ಯೆ ಮೂಲದ್ದಕ್ಕೆ ಹೊಂದುತ್ತದೆಯೇ? ಹೋಸ್ಟ್, ಐಟಂ, ಟ್ರಿಗರ್ ಎಷ್ಟೆಷ್ಟಿವೆ? ಕೊನೆಯ ಈವೆಂಟ್ ಡಂಪ್ ತೆಗೆದ ಹೊತ್ತಿನದೇ? ವೆಬ್ ಭಾಗ ಮಾತ್ರ ಎಬ್ಬಿಸಿ ಲಾಗಿನ್ ಆಗಿ. ‘ಸರ್ವರ್ ಓಡುತ್ತಿಲ್ಲ’ ಎಂಬ ಕೆಂಪು ಪಟ್ಟಿ ಬರುತ್ತದೆ, ಬರಲೇಬೇಕು. ಕೈಗೆ ಸಿಕ್ಕ ಒಂದು ಸ್ವಿಚ್ ತೆರೆದು ಅದರ ಟ್ರಿಗರ್, ಅದರ ಅಲರ್ಟ್ ಹೋಗುವ ದಾರಿ ನೋಡಿ.

ನಿಜವಾದ ದಿನ

ಹಳೆಯ ಸರ್ವರ್ ಮತ್ತೆ ತಾನಾಗಿ ಏಳದಂತೆ ಸರ್ವೀಸನ್ನು ಡಿಸೇಬಲ್ ಮಾಡಿ. ಹೈ ಅವೈಲೆಬಿಲಿಟಿ ನೋಡ್‌ಗಳಿದ್ದರೆ ಎಲ್ಲವನ್ನೂ ನಿಲ್ಲಿಸಿ. ಹೊಸ ಯಂತ್ರಕ್ಕೆ ಹಳೆಯ ಐಪಿಯನ್ನೇ ಕೊಡಿ. ಏಜೆಂಟ್‌ಗಳ ಕಾನ್ಫಿಗ್‌ನಲ್ಲಿ, ಸ್ವಿಚ್‌ಗಳ ಎಸ್‌ಎನ್‌ಎಂಪಿ ಆಕ್ಸೆಸ್ ಪಟ್ಟಿಯಲ್ಲಿ, ಫೈರ್‌ವಾಲಿನಲ್ಲಿ ಎಲ್ಲ ಕಡೆ ಅದೇ ಐಪಿ ಬರೆದಿರುತ್ತದೆ. ಐಪಿ ಬದಲಾದರೆ ಡೇಟಾಬೇಸ್ ಸರಿಯಿದ್ದೂ 150 ಸ್ವಿಚ್ ಕೆಂಪಾಗಿ ಕಾಣುತ್ತವೆ.

ರಾತ್ರಿಯ ಡಂಪ್ ಸುರಿದ ಮೇಲೆ, ಸರ್ವರ್ ಎಬ್ಬಿಸುವ ಮುಂಚೆ, ಪಾರ್ಟಿಶನ್ ಸ್ಕ್ರಿಪ್ಟ್ ಓಡಿಸಿ. ಡಂಪ್‌ನಲ್ಲಿರುವುದು ಆ ದಿನದ ಪಾರ್ಟಿಶನ್‌ಗಳು. ಡಂಪ್ ಸ್ವಲ್ಪ ಹಳೆಯದಾಗಿದ್ದು ಇವತ್ತಿನ ತಾರೀಕಿಗೆ ಪಾರ್ಟಿಶನ್ ಇಲ್ಲದಿದ್ದರೆ ಬರುವ ಒಂದೊಂದು ಮೌಲ್ಯವನ್ನೂ ಮೈಎಸ್‌ಕ್ಯೂಎಲ್ ಎರರ್ 1526 ಎಂದು ತಿರಸ್ಕರಿಸುತ್ತದೆ. ಅಲರ್ಟ್ ಕಳಿಸುವ ಆಕ್ಷನ್‌ಗಳನ್ನು ಮೊದಲ ಒಂದು ಗಂಟೆ ನಿಲ್ಲಿಸಿಡಿ. ಆಮೇಲೆ ಸರ್ವರ್ ಎಬ್ಬಿಸಿ.

ಪ್ರಾಕ್ಸಿಗಳಿದ್ದರೆ (ಸಾಧನಗಳಿಂದ ಅಂಕಿ ತಂದು ಸರ್ವರಿಗೆ ಕೊಡುವ ನಡುವಿನ ಯಂತ್ರಗಳು) ಅವು ಈ ನಡುವೆ ಡೇಟಾ ಕೂಡಿಟ್ಟುಕೊಂಡು ಕಾಯುತ್ತಿರುತ್ತವೆ. ಎಷ್ಟು ಹೊತ್ತು ಎಂಬುದನ್ನು ‘ಪ್ರಾಕ್ಸಿ ಆಫ್‌ಲೈನ್ ಬಫರ್’ ಹೇಳುತ್ತದೆ. ಮೂಲ ಸೆಟ್ಟಿಂಗ್ ಬರೀ 1 ಗಂಟೆ, 720 ಗಂಟೆಯವರೆಗೂ ಏರಿಸಬಹುದು. ಅದನ್ನು ಇವತ್ತೇ 24 ಮಾಡಿ ಇಡಿ, ಸರ್ವರ್ ಬಿದ್ದ ಮೇಲೆ ಮಾಡಲು ಹೋದರೆ ತಡ.

ಇಷ್ಟಾದರೆ ಮಾನಿಟರಿಂಗ್ ಮತ್ತೆ ಶುರು. ಹಿಸ್ಟರಿ ಇನ್ನೂ ಖಾಲಿ, ಆದರೆ ಲಿಂಕ್ ಬಿದ್ದರೆ ಅಲಾರ್ಮ್ ಬರುತ್ತದೆ. ಈಗ ನಿಧಾನಕ್ಕೆ, ಪಕ್ಕದ ಯಂತ್ರದಲ್ಲಿ ವಾರದ ಪೂರ್ತಿ ಬ್ಯಾಕಪ್ ತೆರೆದು, ಅದರ ಹಿಸ್ಟರಿಯನ್ನು ಒಂದೊಂದು ದಿನದ್ದಾಗಿ ತಂದು ಸೇರಿಸಿ. ಆಯಾ ದಿನದ ಪಾರ್ಟಿಶನ್ ಮೊದಲೇ ಇರಬೇಕು. ಎರಡೂ ಒಂದೇ ಡೇಟಾಬೇಸಿನಿಂದ ಬಂದಿದ್ದರಿಂದ ಐಟಂ ಐಡಿಗಳು ಹೊಂದುತ್ತವೆ. 6.0 ಅಥವಾ ನಂತರ ಹೊಸದಾಗಿ ಹಾಕಿದ ಜ್ಯಾಬಿಕ್ಸ್ ಆದರೆ ಹಿಸ್ಟರಿಗೆ ಪ್ರೈಮರಿ ಕೀ ಇರುತ್ತದೆ, ‘ಇನ್ಸರ್ಟ್ ಇಗ್ನೋರ್’ ಕೊಟ್ಟರೆ ಎರಡೆರಡು ಸಲ ಬಂದ ಸಾಲು ತಾನೇ ಬಿಟ್ಟುಹೋಗುತ್ತದೆ. ವಾರದ ಬ್ಯಾಕಪ್‌ನಿಂದ ಈಚೆಗಿನ ಹಿಸ್ಟರಿ ಹೋಯಿತು. ಆ ದಿನಗಳ ಗಂಟೆವಾರು ಸರಾಸರಿ, ಗರಿಷ್ಠ ಮಾತ್ರ ರಾತ್ರಿಯ ಡಂಪ್‌ನಿಂದ ಬಂದ ಟ್ರೆಂಡ್ಸ್‌ನಲ್ಲಿ ಉಳಿದಿರುತ್ತವೆ.

ಅಪ್‌ಗ್ರೇಡ್ ದಿನ

ಜ್ಯಾಬಿಕ್ಸ್‌ನ ಹೊಸ ಮುಖ್ಯ ಆವೃತ್ತಿಯ ಸರ್ವರ್ ಮೊದಲ ಸಲ ಎದ್ದಾಗ, ಯಾರನ್ನೂ ಕೇಳದೆ ಡೇಟಾಬೇಸಿನ ರಚನೆ ಬದಲಿಸಲು ಶುರು ಮಾಡುತ್ತದೆ. ಲಾಗಿನಲ್ಲಿ ಶೇಕಡಾವಾರು ಏರುತ್ತಾ ಹೋಗುತ್ತದೆ. ಹಿಂದಕ್ಕೆ ಹೋಗುವ ದಾರಿ ಇಲ್ಲ, ಹಳೆಯ ಸರ್ವರ್ ಆ ಡೇಟಾಬೇಸ್ ಮೇಲೆ ಮತ್ತೆ ಓಡುವುದಿಲ್ಲ. ಹಾಗಾಗಿ ಸರ್ವರ್ ನಿಲ್ಲಿಸಿ, ಆ ಕ್ಷಣದ ಡಂಪ್ ತೆಗೆದು, ಕೊನೆಯ ಸಾಲು ನೋಡಿ, ಆಮೇಲೆ ಪ್ಯಾಕೇಜ್ ಮುಟ್ಟಿ. ಹಿಂದಿನ ರಾತ್ರಿಯದ್ದು ಸಾಕು ಎನ್ನಬೇಡಿ. ನಡುವೆ ಶೇಕಡಾ 60ಕ್ಕೆ ನಿಂತಂತೆ ಕಂಡರೂ ಸರ್ವೀಸನ್ನು ಕೊಲ್ಲಬೇಡಿ, ದೊಡ್ಡ ಟೇಬಲ್ ಬದಲಾಗುವಾಗ ಹೊತ್ತು ಹಿಡಿಯುತ್ತದೆ. ಡೇಟಾಬೇಸಿನ ಪ್ರೊಸೆಸ್ ಪಟ್ಟಿ ನೋಡಿದರೆ ಯಾವ ಟೇಬಲ್ ಎಂದು ಗೊತ್ತಾಗುತ್ತದೆ.

ಡಂಪ್ ಜೊತೆಗೆ ಹಳೆಯ ಆವೃತ್ತಿಯ ಇನ್‌ಸ್ಟಾಲ್ ಪ್ಯಾಕೇಜುಗಳನ್ನೂ ಅದೇ ಫೋಲ್ಡರಿಗೆ ಹಾಕಿ: ಸರ್ವರ್, ವೆಬ್, ಪ್ರಾಕ್ಸಿ. ಹಿಂದಿರುಗಬೇಕಾಗಿ ಬಂದರೆ ಡಂಪ್ ಇದ್ದೂ ಅದನ್ನು ಓದುವ ಸರ್ವರ್ ಇಲ್ಲದೆ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಕೂರುವ ಪರಿಸ್ಥಿತಿ ಬರಬಾರದು. ಹೊಸ ಆವೃತ್ತಿ ಒಂದು ತಿಂಗಳು ಗಲಾಟೆಯಿಲ್ಲದೆ ಓಡಿದ ಮೇಲೆ ಆ ಫೋಲ್ಡರ್ ಅಳಿಸಬಹುದು.